‘ಸೀರಿಯಸ್’ ಅಂದಾಗ ಒಯ್ದ ಸೀರೆ

“ಸುಮಾ, ನಿಮ್ಮಕ್ಕ ಸೀರಿಯಸ್ ಅದಾಳ. ಲಗೂನ ಬಾ” ಎಂದಷ್ಟೇ ಹೇಳಿ ಭಾವ ಸಂಭಾಜಿನಗರದಿಂದ ಮಾಡಿದ ಫೋನ್ ಇಟ್ಟುಬಿಟ್ಟರು. ನಾಶಿಕದ ನಮ್ಮ ಅಡುಗೆಮನೆಯಲ್ಲಿ ನಾನು ಒಲೆ ಆರಿಸಿದೆ.

ಆಫೀಸಿನಲ್ಲಿ ಸೀರಿಯಸ್ ಎಂದರೆ ಬಿಗಿದ ಮುಖ; ಮಗಳ ಓದಿನ ಮಾತು ಬಂದರೆ ಶ್ರದ್ಧೆ. ಆದರೆ ನಮ್ಮ ಧಾರವಾಡದ ಮನೆಗಳಲ್ಲಿ ಫೋನಿನಲ್ಲಿ ಸೀರಿಯಸ್ ಎಂದರೆ ಜೀವ ಹೋಗಿದೆ ಎಂದೇ. ದೂರದಿಂದ ಬರುವವರು ದಾರಿಯಲ್ಲಿ ಎದೆಗೆಡಬಾರದೆಂದು ಸಾವನ್ನು ಯಾರೂ ನೇರವಾಗಿ ಹೇಳುವುದಿಲ್ಲ. ಅಪ್ಪ ಹೋದಾಗಲೂ ನನಗೆ ಹೇಳಿದ್ದು ಇದೇ ಮಾತು.

ಮುತ್ತೈದೆ ತೀರಿಕೊಂಡರೆ ಉಡಿಸುವ ಕೊನೆಯ ಸೀರೆ ತವರಿನದು. ಅಪ್ಪ, ಅವ್ವ ಇಬ್ಬರೂ ಇಲ್ಲದ ಮೇಲೆ ಅಕ್ಕನಿಗೆ ತವರು ಎಂದರೆ ನಾನೇ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹಸಿರು ಸೀರೆ ಕೊಂಡು ಬ್ಯಾಗಿಗೆ ಹಾಕಿಕೊಂಡೆ. ದಾರಿಯುದ್ದಕ್ಕೂ ಫೋನ್ ಸದ್ದು ಮಾಡುತ್ತಲೇ ಇತ್ತು, ಒಮ್ಮೆಯೂ ಎತ್ತಲಿಲ್ಲ. ಸಂಭಾಜಿನಗರದ ಸ್ಟ್ಯಾಂಡಿಗೆ ಬಂದಿದ್ದ ಭಾವನನ್ನೂ ಏನೂ ಕೇಳಲಾಗಲಿಲ್ಲ. ಅವರು ಆಸ್ಪತ್ರೆಗೆ ಕರೆದೊಯ್ದರು.

ಅಕ್ಕ ಕಣ್ಣು ತೆರೆದು ಮಲಗಿದ್ದಳು! ಮೂಗಿಗೆ ನಳಿಕೆ ಹಾಕಿದ್ದರು. ನಾನು ಅಳುತ್ತ ಪಕ್ಕದಲ್ಲಿ ಕುಳಿತಾಗ, ಬ್ಯಾಗಿನಿಂದ ಇಣುಕುತ್ತಿದ್ದ ಸೆರಗನ್ನು ಮೆಲ್ಲಗೆ ಮುಟ್ಟಿದಳು.

“ನನಗ ತಂದೀ ಏನ? ಭಾಳ ಛಂದ ಅದ.”

ಹೂಂ ಎನ್ನದೆ ಬೇರೆ ದಾರಿ ಇರಲಿಲ್ಲ.

ಅಕ್ಕ ಈಗ ಗುಣವಾಗಿದ್ದಾಳೆ. ಹಬ್ಬ ಬಂದರೆ ಅದೇ ಸೀರೆ ಉಟ್ಟು ಫೋಟೊ ಕಳಿಸುತ್ತಾಳೆ. ಆ ಹಸಿರು ಕಂಡ ಕೂಡಲೇ ಫೋನ್ ಮಾಡುತ್ತೇನೆ. ಆ ಕಡೆಯಿಂದ ಅವಳ ದನಿ ಕೇಳುವವರೆಗೆ ನನಗೆ ಉಸಿರಿರುವುದಿಲ್ಲ.