ಹತ್ತೊಂಬತ್ತನೇ ಕರೆ

ಕಾರು ಶೋರೂಮಿನಲ್ಲಿ ಎಲ್ಲರೂ ಆಕೆಯನ್ನು ಮೈಕಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿಗೆ ಬರುವ ಮೊದಲು ಹನ್ನೊಂದು ವರ್ಷ ಆಕೆ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕುಳಿತು, ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಮೈಕಿನಲ್ಲಿ ಕೂಗಿ ಹೇಳುತ್ತಿದ್ದಳು. ಒಂದು ದಿನ ಆ ಕೆಲಸಕ್ಕೆ ಯಂತ್ರದ ದನಿ ಬಂತು. ಬಸ್ ಡ್ರೈವರಾಗಿದ್ದ ಗಂಡ, "ಆ ಯಂತ್ರಕ್ಕೆ ನಾನು ತಡವಾಗಿ ಬಂದ್ರೆ ಬೈಯೋಕೂ ಬರಲ್ಲ ಕಣೇ" ಎಂದು ನಗಿಸಲು ನೋಡಿದ. ಆಕೆಗೆ ನಗು ಬರಲಿಲ್ಲ. ನಾಲ್ಕು ತಿಂಗಳು ಮನೆಯಲ್ಲಿ ಕೂತು, ಕೊನೆಗೆ ಶೋರೂಮಿಗೆ ಸೇರಿದಳು.

ಕಾರು ನೋಡಿ ಹೋದವರಿಗೆ ಫೋನ್ ಮಾಡಿ, ಕೊಳ್ಳುತ್ತಾರೋ ಇಲ್ಲವೋ ಎಂದು ವಿಚಾರಿಸುವುದು ಹೊಸ ಕೆಲಸ. ಬೆಳಗ್ಗೆ ಕಂಪ್ಯೂಟರ್ ತೆರೆದರೆ ಕೆಂಪು ಅಕ್ಷರದಲ್ಲಿ ಹೆಸರುಗಳ ಸಾಲು. ಮಾತಾಡಿದ ಮೇಲೆ ಒಂದು ಕಾರಣ ಒತ್ತಿದರಷ್ಟೇ ಕೆಂಪು ಹೋಗುತ್ತಿತ್ತು. ಕಾರಣಗಳು ಐದೇ ಐದು: ಬೆಲೆ ಹೆಚ್ಚು, ಬಣ್ಣ ಸಿಗಲಿಲ್ಲ, ಬೇರೆ ಕಡೆ ಕೊಂಡರು, ಫೋನ್ ಎತ್ತಲಿಲ್ಲ, ಆಮೇಲೆ ನೋಡುತ್ತಾರೆ. ಆದರೆ ಜನ ಹೇಳುತ್ತಿದ್ದುದೇ ಬೇರೆ. ಒಬ್ಬರ ಮಗಳು ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಇನ್ನೊಬ್ಬರ ಗೇಟಿಗಿಂತ ಕಾರೇ ಅಗಲವಾಗಿತ್ತು. ಇವನ್ನೆಲ್ಲ ಎಲ್ಲಿ ಒತ್ತುವುದು?

ಆಕೆಯನ್ನು ಹೆಚ್ಚು ಗೋಳುಹೊಯ್ದುಕೊಂಡದ್ದು ಒಬ್ಬ ಹಲ್ಲಿನ ಡಾಕ್ಟರರ ಹೆಸರು. ಅವರು ಕಾರು ನೋಡಿದ್ದು ತಮ್ಮ ಹೆಸರಿನಲ್ಲಿ, ಇದೇ ಶೋರೂಮಿನಲ್ಲಿ ಕೊಂಡದ್ದು ಹೆಂಡತಿಯ ಹೆಸರಿನಲ್ಲಿ. ಕಂಪ್ಯೂಟರಿಗೆ ಅದು ತಿಳಿಯದು. ಅದರ ಪಾಲಿಗೆ ಡಾಕ್ಟರರು ಇನ್ನೂ ಕಾರು ಕೊಳ್ಳಬೇಕಾದವರು. 'ಬೇರೆ ಕಡೆ ಕೊಂಡರು' ಎಂದು ಒತ್ತೋಣವೆಂದರೆ, ಕಾರು ಮಾರಿದ ಸೇಲ್ಸ್‌ಮನ್ ಓಡಿಬಂದು ಕೈ ಮುಗಿದ. "ಬೇಡ ಅಕ್ಕಾ! ಮಾರಿದವನೂ ನಾನೇ, ಗಿರಾಕಿ ಕಳ್ಕೊಂಡವನೂ ನಾನೇ ಅಂತಾಗುತ್ತೆ." ಹಾಗಾಗಿ ಪ್ರತಿ ಸಲವೂ 'ಆಮೇಲೆ ನೋಡುತ್ತಾರೆ' ಎಂದೇ ಒತ್ತಬೇಕಾಯಿತು. ಮೂರನೇ ದಿನಕ್ಕೆ ಹೆಸರು ಮತ್ತೆ ಕೆಂಪಾಗಿ ಎದ್ದು ಕೂರುತ್ತಿತ್ತು. ಕರೆ ಮಾಡದೆ ಮುಚ್ಚುವಂತೆಯೂ ಇರಲಿಲ್ಲ. ಮ್ಯಾನೇಜರಿಗೆ ಹೇಳಿದರೆ, "ನೋಡಮ್ಮ, ಸಂಜೆಗೆ ಕೆಂಪು ಉಳೀಬಾರದು, ಅಷ್ಟೇ" ಎಂದುಬಿಟ್ಟರು.

ಹದಿನೆಂಟನೇ ಕರೆಗೆ ಡಾಕ್ಟರರ ತಾಳ್ಮೆ ಮುಗಿಯಿತು. "ಅಮ್ಮಾ, ನಿಮ್ಮಲ್ಲೇ ತಗೊಂಡ ಕಾರಲ್ಲಿ ಕೂತು ನಿಮ್ಮ ಫೋನ್ ಎತ್ತಿದ್ದೀನಿ. ಹಾರ್ನ್ ಹೊಡೀಲಾ? ಆಗಲಾದ್ರೂ ನಂಬ್ತೀರಾ?" ಕೇಳಿದವರು ಹೊಡೆದೂಬಿಟ್ಟರು. ಪಕ್ಕದ ಮೇಜಿನವರು ಬಿದ್ದು ಬಿದ್ದು ನಕ್ಕರು. ಮೈಕಕ್ಕ ಎದ್ದು ಹೋಗಿ ಮುಖ ತೊಳೆದುಕೊಂಡಳು. ಒಂದು ಕಾಲಕ್ಕೆ ತನ್ನ ದನಿ ಕೇಳಿ ಜನ ಗಂಟುಮೂಟೆ ಎತ್ತಿಕೊಂಡು ಓಡಿ ಬರುತ್ತಿದ್ದರು. ಈಗ ಅದೇ ದನಿ ಕೇಳಿದರೆ ತಪ್ಪಿಸಿಕೊಂಡು ಓಡುತ್ತಾರಲ್ಲ ಎಂದುಕೊಂಡಳು.

ಅದೇ ವಾರ, ಈ ಕಾರಣಗಳ ಪಟ್ಟಿ ಮಾಡಿಕೊಟ್ಟ ಸಾಫ್ಟ್‌ವೇರ್ ಕಂಪನಿಯ ಇಂಜಿನಿಯರ್ ತರಬೇತಿ ಕೊಡಲು ಬಂದ. "ಇನ್ಮೇಲೆ ನಿಮ್ಮ ಕೆಲಸ ಇನ್ನೂ ಸುಲಭ" ಎಂದು ಗೋಡೆಯ ಮೇಲೆ ಚಿತ್ರ ತೋರಿಸುತ್ತಿದ್ದಾಗ ಮೈಕಕ್ಕ ಎದ್ದು ನಿಂತಳು.

"ಸರ್, ಒಂದೇ ಒಂದು ಫೋನ್ ನೀವು ಮಾಡಿ. ನಾನು ಪಕ್ಕದಲ್ಲಿ ಕೂತಿರ್ತೀನಿ."

ಮ್ಯಾನೇಜರ್ ಕಣ್ಣು ಬಿಟ್ಟರು. ಇಂಜಿನಿಯರ್ ಮಾತ್ರ ನಗುತ್ತಲೇ ಹೆಡ್‌ಫೋನ್ ಹಾಕಿಕೊಂಡ. ಆಕೆ ಡಾಕ್ಟರರ ಹೆಸರು ಒತ್ತಿದಳು.

"ಓಹೋ, ಇವತ್ತು ಗಂಡಸಿನ ದನಿ! ಆ ತಾಯಿಗೆ ಸಾಕಾಯ್ತೇನೋ ಪಾಪ!" ಎಂದು ಶುರು ಮಾಡಿದ ಡಾಕ್ಟರರು, ಇವನು ಯಾರೆಂದು ತಿಳಿದ ಮೇಲೆ, "ನಿಮ್ಮನ್ನೇ ಹುಡುಕ್ತಿದ್ದೆ ಕಣ್ರೀ" ಎಂದು ಹದಿನೈದು ನಿಮಿಷ ಬಿಡಲಿಲ್ಲ. ಇಂಜಿನಿಯರನ ಕಿವಿ ಕೆಂಪೇರಿತು.

ಫೋನ್ ಇಟ್ಟು ಕೇಳಿದ. "ಇದನ್ನ ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು?"

"ಹೇಳೋಕೆ ನಿಮ್ಮ ಐದರಲ್ಲಿ ಜಾಗ ಎಲ್ಲಿತ್ತು ಸರ್?"

ಅವನು ಮತ್ತೆ ಹೆಡ್‌ಫೋನ್ ಹಾಕಿಕೊಂಡ. ಉಳಿದ ತರಬೇತಿ ಬಿಟ್ಟು ಸಂಜೆಯವರೆಗೆ ಅದೇ ಕುರ್ಚಿಯಲ್ಲಿ ಕೂತು ಹನ್ನೊಂದು ಕರೆ ಮಾಡಿದ. ಪ್ರತಿಯೊಂದನ್ನೂ ಬರೆದುಕೊಂಡು ಹೋದ.

ಆರು ವಾರ ಅವನ ಸುದ್ದಿಯೇ ಇಲ್ಲ. "ಹೋದೋನು ಹೋದ, ಮರೆತುಬಿಡಿ" ಎಂದರು ಮ್ಯಾನೇಜರ್. ಒಂದು ಸೋಮವಾರ ಕಂಪ್ಯೂಟರ್ ತೆರೆದರೆ ಪಟ್ಟಿಯಲ್ಲಿ ಹೊಸ ಕಾರಣವೊಂದಿತ್ತು: 'ನಮ್ಮಲ್ಲೇ ಕೊಂಡರು, ಮನೆಯವರ ಹೆಸರಿನಲ್ಲಿ.' ಅದರ ಕೆಳಗೆ, ಗಿರಾಕಿ ಹೇಳಿದ್ದನ್ನು ಹಾಗೇ ಬರೆಯಲು ಖಾಲಿ ಜಾಗ. ಮೈಕಕ್ಕ ಮೊದಲು ಡಾಕ್ಟರರ ಹೆಸರು ಮುಚ್ಚಿದಳು. ಸೇಲ್ಸ್‌ಮನ್ ಚಪ್ಪಾಳೆ ತಟ್ಟಿದ. ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರ್ ಎಂದಿನಂತೆ ಎರಡು ಸಲ ನಿಂತುಹೋಯಿತು, ಆದರೂ ಆಕೆಗೆ ಸಿಟ್ಟು ಬರಲಿಲ್ಲ.

ಮುಂದಿನ ತಿಂಗಳು ಇಂಜಿನಿಯರನೇ ಫೋನ್ ಮಾಡಿದ. ಬೇರೆ ಶೋರೂಮುಗಳಿಗೂ ಕಳಿಸುವ ಮೊದಲು ಪಟ್ಟಿಯನ್ನು ಒಂದು ಸಲ ನೋಡಿಕೊಡುತ್ತೀರಾ ಎಂದು ಕೇಳಿದ. "ಅವರಷ್ಟು ಓದಿದೋರಿಗೆ ನೀನೇನೇ ಹೇಳಿಕೊಡ್ತೀಯ?" ಎಂದು ಮನೆಯಲ್ಲಿ ಅತ್ತೆ ಬೆರಗಾದರು. ಹೇಳುವುದು ಬೇಕಾದಷ್ಟಿತ್ತು. ಇಂಜಿನಿಯರನ ಆಫೀಸಿನಲ್ಲಿ ಮೊದಲ ಹತ್ತು ನಿಮಿಷ ಆಕೆ ಅವರು ಕೊಟ್ಟ ಪಟ್ಟಿಯನ್ನೇ ತಿರುತಿರುಗಿ ಓದಿದಳು. ಆಮೇಲೆ ಒಂದು ಹಾಳೆ ಕೇಳಿ ಪಡೆದು ಬರೆಯತೊಡಗಿದಳು. ಊಟದ ಹೊತ್ತಿಗೆ ನಲವತ್ತು ಕಾರಣಗಳಾದವು. ಅವುಗಳಲ್ಲಿ ಹನ್ನೆರಡನ್ನು ಕಂಪನಿಯವರು ಒಪ್ಪಿದರು. ಮಿಕ್ಕಿದ್ದರ ಬಗ್ಗೆ ಮಾತಾಡಲು ಇನ್ನೊಮ್ಮೆ ಬರುತ್ತೇನೆಂದು ಹೇಳಿ, ದಿನವನ್ನೂ ಗೊತ್ತು ಮಾಡಿಕೊಂಡೇ ಮೈಕಕ್ಕ ಅಲ್ಲಿಂದ ಎದ್ದಳು.