ಮೂಲ ಹೇಳಿದೆ, ಅರ್ಥ ಹೇಳಲಿಲ್ಲ

ಕುರಿ ಕಾಯುವ ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದವಳು ನಾನೊಬ್ಬಳೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಮ್ಮನೆ ಸಿಕ್ಕಿದ್ದಲ್ಲ ಅದು. ಹತ್ತನೇ ತರಗತಿವರೆಗೆ ಅಕ್ಕಲಕೋಟೆ ಬದಿಯ ಕನ್ನಡ ಶಾಲೆ, ಆಮೇಲೆ ಸೋಲಾಪುರದ ಕಾಲೇಜು. ಕುರಿಯ ವಾಸನೆ ಬರುತ್ತದೆಂದು ಬೆಂಚಿನಲ್ಲಿ ಸರಿದು ಕೂರುವವರ ನಡುವೆ ಕೂತು ಇಂಗ್ಲಿಷ್ ಓದಿ ಪಾಸಾದೆ.

ಅಲ್ಲಿನ ಗ್ರಂಥಾಲಯದಲ್ಲಿ ಪದಗಳ ಮೂಲ ಹೇಳುವ ದಪ್ಪ ನಿಘಂಟೊಂದಿತ್ತು. ಇಂಗ್ಲಿಷ್ ಎಂದರೆ ನಡುಗುತ್ತಿದ್ದ ನನಗೆ ಧೈರ್ಯ ಕೊಟ್ಟದ್ದು ಅದೇ. ವಿಂಡೋ ಎಂದರೆ ಮೂಲದಲ್ಲಿ ಗಾಳಿಯ ಕಣ್ಣು. ಮಸಲ್ ಎಂದರೆ ಸಣ್ಣ ಇಲಿ. ತೋಳು ಮಡಚಿದರೆ ಚರ್ಮದಡಿ ಇಲಿ ಓಡಿದಂತೆ ಕಾಣುತ್ತದಂತೆ. ಶನಿವಾರ ಊರಿಗೆ ಬಂದಾಗ ಊಟದ ಹೊತ್ತಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಅಪ್ಪ ತೋಳು ಮಡಚಿ ನೋಡಿಕೊಂಡ.

“ನಿಮ್ಮಪ್ಪನ ತೋಳಾಗ ಒಂದ ಇಲಿ ಐತಿ,” ಅಂದಳು ಅವ್ವ, “ನನ್ನ ಜ್ವಾಳದ ಚೀಲದಾಗ ಹತ್ತ ಅದಾವ. ಅವಕ್ಕೇನಂತಾರ, ನಿಮ್ಮ ಸರಗೆ ಕೇಳ್ಕೊಂಡ ಬಾ.”

ಓದು ಮುಗಿಸಿ ಅಕ್ಕಲಕೋಟೆಯಲ್ಲೇ ಶಿಕ್ಷಕಿಯಾದೆ. ಮನೆಗೆ ಬಂದ ಇಂಗ್ಲಿಷ್ ಕಾಗದಗಳೆಲ್ಲ ನನ್ನ ಕೈಗೇ ಬರುತ್ತಿದ್ದವು. ನಾನು ಹೇಳಿದ್ದೇ ಅಪ್ಪನಿಗೆ ಖರೆ.

ಅವ್ವನಿಗೆ ಹೊಟ್ಟೆನೋವು ಶುರುವಾಗಿ, ಊಟ ಸೇರದಾಯಿತು. ಸೋಲಾಪುರದ ದವಾಖಾನೆಗೆ ಕರೆದೊಯ್ದೆವು. ಎಲ್ಲ ತಪಾಸಣೆ ಮುಗಿದ ಮೇಲೆ ಡಾಕ್ಟರು, ಕಲಿತ ಮಗಳೆಂದು ನನ್ನೊಬ್ಬಳನ್ನೇ ಒಳಗೆ ಕರೆದರು. ಹೊಟ್ಟೆಯ ಕ್ಯಾನ್ಸರ್ ಗಂಟು ಎಲ್ಲ ಕಡೆ ಹಬ್ಬಿದೆ, ವಾಸಿ ಮಾಡುವ ಔಷಧವಿಲ್ಲ, ಇನ್ನು ನೋವು ಕಡಿಮೆ ಮಾಡುವುದಷ್ಟೇ, ಮನೆಯವರಿಗೆ ನೀವೇ ತಿಳಿಸಿ ಹೇಳಿ ಎಂದರು. ಫೈಲಿನ ಮೇಲೆ ಬರೆದದ್ದು ಒಂದೇ ಶಬ್ದ: ಪ್ಯಾಲಿಯೇಟಿವ್.

ಹೊರಗೆ ಬೇವಿನ ಗಿಡದ ಕೆಳಗೆ ಅಪ್ಪ ಕೂತಿದ್ದ. ದೀಪಾವಳಿ ಮುಗಿದಿತ್ತು. ಆ ಹೊತ್ತಿಗೆ ನಮ್ಮವರು ಹಿಂಡು ಹೊಡೆದುಕೊಂಡು ಮಂಗಳವೇಢೆ ಕಡೆಯ ಹೊಲಗಳಿಗೆ ಹೋಗಿ, ಗೊಬ್ಬರಕ್ಕೆಂದು ರಾತ್ರಿ ಅಲ್ಲಿ ಕುರಿ ನಿಲ್ಲಿಸಿ, ಬೇಸಿಗೆಗೆ ತಿರುಗಿ ಬರುತ್ತಾರೆ.

“ಏನ ಬರದಾರ ಯವ್ವಾ?” ಅಂದ ಅಪ್ಪ. “ಹಿಂಡಿನ ಸಂಗಾಟ ಹೋಗ್ಲೋ, ನಿಮ್ಮವ್ವನ ಕಡೆ ಇರ್ಲೋ? ನಿಮ್ಮ ಕಾಕಾ ತಾನೊಬ್ಬನ ಹೋಗ್ತೀನಿ ಅಂದಾನ.”

ನನಗೆ ಅರ್ಥ ಗೊತ್ತಿತ್ತು. ಬಾಯಿಗೆ ಬರಲಿಲ್ಲ. ಬಾಯಿಗೆ ಬಂದದ್ದು ನಿಘಂಟಿನಲ್ಲಿ ಓದಿದ್ದು.

“ಈ ಶಬ್ದ ಹುಟ್ಟಿದ್ದು ಹೊದಿಕಿ ಅನ್ನೂದರಾಗಿಂದ ಅಪ್ಪಾ. ಮ್ಯಾಲ ಹೊಚ್ಚಗೋತಾರಲ್ಲ, ನಮ್ಮ ಕಂಬಳಿ ಇದ್ದಂಗ. ನೋವಿನ ಮ್ಯಾಲ ಹೊಚ್ಚೂ ಔಷಧ.”

ಅಪ್ಪನ ಮುಖ ಸಡಿಲವಾಯಿತು. “ಕಂಬಳಿ ಅಂದ್ರ ಹೆದ್ರೂದೇನಿಲ್ಲ ಬಿಡು. ಮಳ್ಯಾಗ ನೆಂದ ಮರಿ ಸೈತ ಕಂಬಳ್ಯಾಗ ಸುತ್ತಿಟ್ರ ಮುಂಜಾನಿ ಎದ್ದ ನಿಂದರ್ತೈತಿ.”

ಅಲ್ಲೇ ತಡೆಯಬೇಕಿತ್ತು. ತಡೆಯಲಿಲ್ಲ. ಮೂರನೇ ದಿನ ನಮ್ಮ ಮನೆದೇವರು ಬೀರೋಬಾನ ಗುಡಿಯಿಂದ ಭಂಡಾರದ ಅರಿಶಿನ ತಂದು ಅವ್ವನ ಹಣೆಗೆ ಹಚ್ಚಿ, ಅಪ್ಪ ಹಿಂಡಿನ ಸಂಗಡ ಹೊರಟ.

ಮುಂದೆ ಅವ್ವ ಇದ್ದದ್ದು ಒಂದೂವರೆ ತಿಂಗಳು. ಫೋನಿನಲ್ಲಿ ಅಪ್ಪ ಕೇಳಿದಾಗೆಲ್ಲ, “ಅರಾಮ ಅದೀನಿ, ನೀವು ಕುರಿ ನೋಡ್ರಿ” ಎಂದು ಅವಳೇ ಹೇಳುತ್ತಿದ್ದಳು. ಅವಳಿಗೂ ನಾನು ಕಂಬಳಿಯದೇ ಮಾತು ಹೇಳಿದ್ದೆ. ಅವಳು ನಂಬಿರಲಿಲ್ಲವೆಂದು ಈಗ ಅನಿಸುತ್ತದೆ. ಒಂದು ಸಂಜೆ ಬೆನ್ನು ತಿಕ್ಕುತ್ತಿದ್ದಾಗ, “ಅಪ್ಪನ್ನ ಕರೀಲೇನ?” ಎಂದೆ. “ಮರಿ ಈಯೂ ಹೊತ್ತು ಬಿಟ್ಟು ಹೆಂಗ ಬರ್ತಾರ,” ಎಂದಳು. ಹೊದಿಕೆ ಎಳೆದುಕೊಂಡು, “ಬಂದ್ರ ಚಲೋ ಆಗ್ತಿತ್ತು,” ಎಂದಳು. ಮರುದಿನ ನಸುಕಿನಲ್ಲಿ ಫೋನು ಮಾಡಿದೆ. ಅಪ್ಪ ಮಂಗಳವೇಢೆ ಬದಿಯ ಸಲಗರ ಬುದ್ರುಕದ ಹತ್ತಿರವಿದ್ದ. ಸಿಕ್ಕ ಗಾಡಿ ಹಿಡಿದು ಬಂದು ಮುಟ್ಟುವಷ್ಟರಲ್ಲಿ ಮನೆಯ ಹೊರಗೆ ಜನ ಸೇರಿದ್ದರು.

ಅವ್ವನ ಮಣ್ಣಾದ ಕೆಲವು ದಿನಗಳ ಮೇಲೆ ಅಪ್ಪ ಫೈಲು ತೆಗೆದು ನನ್ನ ಮುಂದೆ ಇಟ್ಟ.

“ಇದರ ಅರ್ಥ ನಿನಗ ಅವತ್ತ ಗೊತ್ತಿತ್ತೇನ?”

“ಗೊತ್ತಿತ್ತಪ್ಪಾ.”

ಬೈದರೆ ತಡೆದುಕೊಳ್ಳಬಹುದಿತ್ತು. “ನಾ ಏನ ಮಾಡ್ತಿದ್ದೆ,” ಅಂದ, “ನಿಮ್ಮವ್ವನ ಬಾಜೂಕ ಕುಂದರ್ತಿದ್ದೆ. ಅಷ್ಟ.”

ಈಚೆಗೆ ಅಪ್ಪನ ಕಣ್ಣಿಗೆ ಪೊರೆ ಬಂದಿದೆ. ಕುಂಭಾರಿಯ ದವಾಖಾನೆಯಲ್ಲಿ ತಪಾಸಣೆ ಮಾಡಿಸಿಕೊಂಡು ಬಂದ ದಿನ ನಾನು ಮನೆಯಲ್ಲೇ ಇದ್ದೆ. ಅವರು ಕೊಟ್ಟ ಇಂಗ್ಲಿಷ್ ಕಾಗದ ಹಿಡಿದು ಅಪ್ಪ ಪಕ್ಕದ ಮನೆಗೆ ಹೋದ. ಆ ಮನೆಯ ಸೊಸೆ ಓದಿದ್ದು ಮರಾಠಿ ಶಾಲೆಯಲ್ಲಿ ಹತ್ತನೇ ತರಗತಿವರೆಗೆ. ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಅಪ್ಪ ತಲೆ ಬಾಗಿಸಿ ಕೇಳುತ್ತಿದ್ದ. ಬಾಗಿಲಲ್ಲಿ ನಿಂತ ನನ್ನನ್ನು ಕಂಡು ಆಕೆ ನಾಚಿ ಕಾಗದ ಚಾಚಿದಳು, “ಅಕ್ಕಾರ, ನೀವ ಹೇಳ್ರಿ, ನನಗ ನೀಟ ಬರಂಗಿಲ್ಲ.”

ಅಪ್ಪ ನನ್ನ ಕಡೆ ತಿರುಗದೆ ಅಂದ, “ಇರ್ಲಿ ಬಿಡವ್ವಾ. ನೀನ ಓದು, ಗಡಿಬಿಡಿ ಇಲ್ಲ ನನಗ.”