ಟಾನಿಕ್ ಹೊಡೆದ ಸೊಪ್ಪು

ನನ್ನ ಕೈಗುಣ ಸರಿಯಿಲ್ಲ ಅಂತ ಮೊದಲು ಅಂದವರು ನನ್ನ ಗಂಡನ ಅಣ್ಣ. ಬಹುವಚನ ಕೊಟ್ಟು ಬರೆಯೋಕೆ ಮನಸ್ಸು ಬರೋದಿಲ್ಲ. ಆದರೂ ಭಾವ ಆಗಬೇಕಲ್ಲ, ಕೊಡುತ್ತೇನೆ.

ನಾನು ಕೊಳ್ಳೇಗಾಲದ ಕಡೆಯವಳು, ರೇಷ್ಮೆ ಹುಳುವಿನ ಮನೆಯಲ್ಲೇ ಬೆಳೆದವಳು. ಮದುವೆಯಾಗಿ ಉಡುಮಲೈ ಪಕ್ಕದ ಈ ತೋಟಕ್ಕೆ ಬಂದಾಗ ಇಲ್ಲಿ ಹಿಪ್ಪುನೇರಳೆ ಕಡ್ಡಿ ಒಂದೂ ಇರಲಿಲ್ಲ. ಇವರೆಲ್ಲ ತಲೆಮಾರುಗಳಿಂದ ಇಲ್ಲಿರುವ ಕನ್ನಡದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕಡ್ಡಿ ನೆಡಿಸಿದ್ದೂ ನಾನೇ, ಹುಳುಮನೆ ಕಟ್ಟಿಸಿದ್ದೂ ನಾನೇ. ಚೆನ್ನಾಗಿಯೇ ನಡೆಯುತ್ತಿತ್ತು. ಭೂಮಿ ಭಾಗವಾಗಿ ಪಡುವಣ ಹೊಲ ಭಾವನ ಪಾಲಿಗೆ ಹೋಯಿತು, ಅವರು ಟೊಮೇಟೊ ಹಾಕಿದರು. ಅಲ್ಲಿಂದ ಶುರುವಾಯಿತು. ಎರಡು ಸಲ ನನ್ನ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸಿ, ಹಸಿರು ನೀರು ಕಕ್ಕಿ, ಮುದುಡಿ ಸತ್ತವು. ಟೊಮೇಟೊಗೆ ಹೊಡೆದ ಔಷಧಿ ಗಾಳಿಗೆ ಹಾರಿ ನನ್ನ ಸೊಪ್ಪಿಗೆ ಬಿದ್ದಿದೆ ಅಂತ ನಾನು ಬಾಯಿ ಬಡಿದುಕೊಂಡೆ. ಕೈಗುಣ ಅಂದರು ಭಾವ. ಊರೂ ಅದನ್ನೇ ಅಂದಿತು. ಕೊನೆಗೆ ಗಂಡನೂ, "ಇನ್ನೊಂದು ಸಲ ನೋಡೋಣ. ಇದೂ ಹೋದರೆ ಕಡ್ಡಿ ಕಿತ್ತು ತೆಂಗು ಇಡೋದೇ" ಅಂದರು.

ಆ ಮೂರನೇ ಸಲ ಆಡಿ ತಿಂಗಳು, ನಮ್ಮ ಆಷಾಢದ ಹೊತ್ತು. ಪಾಲಕ್ಕಾಡಿನ ಕಡೆಯಿಂದ ಗಾಳಿ, ಒಣಹಾಕಿದ ಸೀರೆಯೂ ನಿಲ್ಲದಂಥ ಗಾಳಿ. ಹುಳು ನಾಲ್ಕನೇ ಜ್ವರ ಎದ್ದಿದ್ದವು. ಹುಳು ಪೊರೆ ಬಿಡೋದನ್ನು ನಾವು ಜ್ವರ ಅನ್ನುತ್ತೇವೆ. ಎದ್ದ ಮೇಲೆ ಅವುಗಳ ಹಸಿವು ಕೇಳಬೇಡಿ. ಇನ್ನೊಂದು ವಾರ ಮೇಯಿಸಿದರೆ ಗೂಡು. ಗಂಡ ಬೋರಿನ ಮೋಟಾರು ರಿಪೇರಿಗೆ ತೆಗೆದುಕೊಂಡು ಕೋಯಮತ್ತೂರಿನ ಗಣಪತಿ ಬಡಾವಣೆಗೆ ಹೋಗಿದ್ದರು. ನಾನು ಸೊಪ್ಪು ಕೊಯ್ಯಲು ಹೋದರೆ ಬದುವಿನ ಆಚೆ ಭಾವ ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು ನಿಂತಿದ್ದಾರೆ.

ಈ ಮನೆಯಲ್ಲಿ ತಮ್ಮನ ಹೆಂಡತಿ ಭಾವನ ಎದುರು ಮಾತಾಡುವಂತಿಲ್ಲ. ಏನಿದ್ದರೂ ಗಂಡನ ಮೂಲಕ, ಇಲ್ಲವೇ ಅತ್ತೆಯ ಮೂಲಕ. ಹದಿನೆಂಟು ವರ್ಷ ಒಂದೇ ಬಾವಿಯ ನೀರು ಕುಡಿದು ಆ ಮನುಷ್ಯನ ಜೊತೆ ಒಂದು ಮಾತು ನೇರವಾಗಿ ಆಡಿರಲಿಲ್ಲ. ಓಡಿಹೋಗಿ ಅತ್ತೆಯನ್ನು ಕರೆತಂದೆ.

"ಏನಪ್ಪಾ, ಮರುಂದಾ ಹೊಡೀತಿರೋದು?" ಅಂತ ಅತ್ತೆ ಕೇಳಿದರು. ಔಷಧಿಗೆ ಇಲ್ಲಿ ಮರುಂದು ಅನ್ನುತ್ತಾರೆ.

"ಮರುಂದೆಲ್ಲಾ ಇಲ್ಲಮ್ಮಾ. ಟಾನಿಕ್ಕು. ಹೂ ಉದುರಬಾರದು ಅಂತ."

ನನ್ನ ಮೂಗಿಗೆ ಬಡಿದ ವಾಸನೆ ಟಾನಿಕ್ಕಿನದಲ್ಲ. ಆದರೆ ಯಾರ ಹತ್ತಿರ ಹೇಳಲಿ? ನನ್ನ ತವರಿನಲ್ಲಿ ಅನುಮಾನದ ಸೊಪ್ಪನ್ನು ಮೊದಲು ಹತ್ತು ಹುಳುವಿಗೆ ಹಾಕಿ, ಅರ್ಧ ದಿನ ಕಾದು, ಆಮೇಲೆ ಉಳಿದವಕ್ಕೆ ಕೊಡುತ್ತಾರೆ. ಮೊರ ತರಲು ಹೊರಟೆ. "ಮರುಂದಲ್ಲ ಅಂತ ನನ್ನ ಮಗ ಅಂದನಲ್ಲ, ಇನ್ನೇನು ಪರೀಕ್ಷೆ?" ಅಂದರು ಅತ್ತೆ. ಹುಳು ಹಸಿದಿದ್ದವು, ಬದುವಿನ ಪಕ್ಕದ ಸಾಲು ಬಿಟ್ಟರೆ ಬಲಿತ ಸೊಪ್ಪಿರಲಿಲ್ಲ. ಕೊಯ್ದೆ, ಹಾಕಿದೆ. ಈ ಕೈಯಿಂದಲೇ ಹಾಕಿದೆ. ಭಾವನನ್ನು ಎಷ್ಟು ಬೈದರೂ ಅದೊಂದು ನನ್ನ ತಲೆಯ ಮೇಲೇ ಇದೆ.

ಸಂಜೆ ಹೊತ್ತಿಗೆ ತಲೆ ಎತ್ತಿದವು. ಬೆಳಿಗ್ಗೆ ಹುಳುಮನೆಯಲ್ಲಿ ನಾತ. ಬಾಗಿಲು ತೆಗೆದು ನಿಂತವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಉಳಿದಿದ್ದ ಒಂದು ಕಡ್ಡಿ ಸೊಪ್ಪು ಹಿಡಿದು ಸೀದಾ ಭಾವನ ಮನೆಗೆ ಹೋದೆ. ಅತ್ತೆ ಹಿಂದೆಯೇ ಬಂದರು. ಭಾವ ಜಗಲಿ ಮೇಲೆ ಕಾಫಿ ಕುಡಿಯುತ್ತಿದ್ದರು.

"ಟಾನಿಕ್ಕು ಅಂದಿರಲ್ಲ," ಅಂದೆ. "ಒಂದೆಲೆ ತಿನ್ನಿ."

ನಾನು ಅವರಿಗೆ ಆಡಿದ ಮೊದಲ ಮಾತು ಅದು. ಅವರು ನನ್ನನ್ನು ನೋಡಲಿಲ್ಲ, ತಾಯಿಯನ್ನು ನೋಡಿ, "ಅವಳಿಗೆ ಮನೆಗೆ ಹೋಗು ಅನ್ನಮ್ಮಾ" ಅಂದರು.

"ಅವಳಿಗೇ ಹೇಳಿ. ಇಲ್ಲೇ ನಿಂತಿದೀನಿ."

ಅತ್ತೆಗೆ ಅವಮಾನವಾಯಿತು. "ನನ್ನ ಮಗ ಸುಳ್ಳು ಹೇಳೋನಲ್ಲ. ಕೊಡು ಇಲ್ಲಿ, ನಾನು ತಿಂತೀನಿ," ಅಂತ ನನ್ನ ಕೈಯಿಂದ ಎಲೆ ಕಿತ್ತುಕೊಂಡು ಬಾಯಿಗೆ ಒಯ್ದರು. ನಾನು ತಡೆಯಬೇಕಿತ್ತು. ತಡೆಯಲಿಲ್ಲ, ಅಷ್ಟು ಕೋಪ ಇತ್ತು ನನಗೆ.

ತಡೆದವರು ಭಾವ. ಕಾಫಿ ಲೋಟ ಎತ್ತಲೋ ಉರುಳಿತು, ಎದ್ದು ಬಂದು ತಾಯಿಯ ಕೈಗೆ ಹೊಡೆದು ಎಲೆ ಬೀಳಿಸಿದರು. "ಬೇಡಮ್ಮಾ, ತಿನ್ನಬೇಡ," ಅಂದರು.

ಅತ್ತೆ ಕೆಳಗೆ ಬಿದ್ದ ಎಲೆಯನ್ನು ನೋಡಿದರು, ಮಗನನ್ನು ನೋಡಿದರು. ಭಾವನ ಹೆಂಡತಿ ಚೊಂಬಿನಲ್ಲಿ ನೀರು ತಂದರು. ಅತ್ತೆ ಅದನ್ನು ಮುಟ್ಟಲಿಲ್ಲ. "ಕಡ್ಡಿ ಕೀಳಬೇಡ ಅಂತ ನಿನ್ನ ಗಂಡನಿಗೆ ನಾನೇ ಹೇಳ್ತೀನಿ, ನಡಿ," ಅಂದು, ಕೈಯನ್ನು ಮೈಯಿಂದ ದೂರ ಹಿಡಿದುಕೊಂಡೇ ನಮ್ಮ ತೊಟ್ಟಿಯ ತನಕ ನಡೆದು ಬಂದರು. ನಾನು ನೀರು ಹೊಯ್ದೆ, ಅವರು ಕೈ ತೊಳೆದುಕೊಂಡರು.